ಗಡ್ಡದ ಓತಿಯ ಮರಿ

ಗೃಹಸ್ಥನು ನಿತ್ಯವೂ ಮಾಡತಕ್ಕ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದೆಂದು ಶಾಸ್ತ್ರಕಾರರು ವಿಧಿಸಿರುವರು. ಕಾಗೆಗೊಂದು ತುತ್ತು, ನಾಯಿಗೊಂದು ತುತ್ತು, ಇರುವೆಗೊಂದು ಚಿಟಿಕೆ ಹಿಟ್ಟು. ಇಷ್ಟನ್ನು ಇಟ್ಟ ಮೇಲೆ ಮನೆಯ ಯಜಮಾನನು ಎಲೆಯ ಮುಂದೆ ಕುಳಿತುಕೊಳ್ಳುವುದು ಹಿಂದಿನವರ ಕ್ರಮ. ಆದರೆ ಆ ತುತ್ತನ್ನು ತಿಂದ ಕಾಗೆಯು ತನ್ನ ಪಾಡಿಗೆ ಹಾರಿಹೋಗುತ್ತಿತ್ತು. ಅದರ ಗೂಡು, ಅದರ ಬಿಸಿಲು, ಅದರ ಮಳೆ ಇವುಗಳ ಚಿಂತೆ ಗೃಹಸ್ಥನದಾಗಿರಲಿಲ್ಲ. ಒಂದು ಜೀವವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವನ ಸ್ಥಿತಿ ಹೀಗಲ್ಲ. ಅದರ ಹಗಲು ಇರುಳುಗಳೂ, ಶೀತೋಷ್ಣಗಳೂ, ಅನ್ನಪಾನಗಳೂ ಸಮಸ್ತವೂ ಅವನ ಕೈಯಲ್ಲಿಯೇ ಇರುವುವು. ಆದಕಾರಣ ಅವನ ಹೊಣೆಯು ತುತ್ತಿನಿಂದ ತೀರತಕ್ಕದ್ದಲ್ಲ.

ಈ ವಿಚಾರವನ್ನು ಈ ತಿಂಗಳು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ನಮ್ಮ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಹಿಂದೆ ಹಸುವಿತ್ತು. ಆಮೇಲೆ ನಾಯಿ ಬಂದಿತು. ಬಣ್ಣದ ಮೀನುಗಳು ಬಂದುವು. ಈಗ ಮಕ್ಕಳು ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಹೆಸರಿನ ಓತಿಯ ಮರಿಯನ್ನು ಬೇಡುತ್ತಿದ್ದಾರೆ. ಕೆಲವು ಮನೆಗಳಲ್ಲಿ ಅದು ಬಂದೂ ಆಗಿದೆ. ಮನೆಯ ಹಿರಿಯರು ಇದೇನು ಹಾವೋ ಹಲ್ಲಿಯೋ ತಿಳಿಯದೆ, ಅದಕ್ಕೆ ಏನು ತಿನ್ನಿಸಬೇಕೆಂಬುದನ್ನೂ ಅರಿಯದೆ ಕಷ್ಟಪಡುತ್ತಿರುವರು. ಅಂಥವರ ಉಪಯೋಗಕ್ಕಾಗಿ ಈ ಕೆಲವು ಮಾತುಗಳು.

ಮೊದಲು ಇದರ ಕುಲಗೋತ್ರವನ್ನು ಹೇಳುತ್ತೇನೆ. ಸಂಸ್ಕೃತದಲ್ಲಿ ಕೃಕಲಾಸವೆಂದೂ ಸರಟವೆಂದೂ ಓತಿಗೆ ಹೆಸರುಂಟು. ಅಮರಸಿಂಹನು ಈ ಎರಡನ್ನೂ ತನ್ನ ಕೋಶದಲ್ಲಿ ಕೊಟ್ಟಿರುವನು. ನಮ್ಮ ಬೇಲಿಯ ಮೇಲೆ ತಲೆಯಾಡಿಸುತ್ತ ಕುಳಿತಿರುವ ಓತಿಕ್ಯಾತವೂ, ನಂದಿಬೆಟ್ಟ ರಾಮನಗರಗಳ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಬಂಡೆಯ ಓತಿಯೂ, ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಯ ಮಾಡಿಸಿದ ಮಲೆನಾಡಿನ ಹಾರುವ ಓತಿಯೂ ಒಂದೇ ವಂಶದವು. ಪಂಡಿತರು ಆ ವಂಶವನ್ನು ‘ಅಗಾಮಿಡೇ’ ಎಂದು ಕರೆಯುವರು. ಗಡ್ಡದ ಓತಿಯು ಅದೇ ವಂಶದ ದೂರದ ದಾಯಾದಿ. ಅದರ ತವರು ಆಸ್ಟ್ರೇಲಿಯಾ ಖಂಡದ ಒಳನಾಡು. ಮಳೆ ಕಡಮೆ, ಬಿಸಿಲು ಬಹಳ, ಕುರುಚಲು ಗಿಡಗಳೇ ಹೆಚ್ಚು. 1926ರಲ್ಲಿ ಆಲ್ ಎಂಬ ಜರ್ಮನ್ ಪಂಡಿತನು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಗಂಟಲಿನ ಕೆಳಗೆ ಮುಳ್ಳಿನಂತಹ ಹುರುಪೆಗಳ ಚೀಲವೊಂದುಂಟು. ಸಿಟ್ಟು ಬಂದಾಗಲೂ ಹೆದರಿದಾಗಲೂ ಅದನ್ನುಬ್ಬಿಸಿ ಕಪ್ಪಾಗಿಸುವುದು. ಗಡ್ಡವೆಂಬ ಹೆಸರು ಇದರಿಂದ ಬಂದುದು.

ಮೊಟ್ಟೆಯಿಂದ ಹೊರಬಂದ ಮರಿಯು ನಾಲ್ಕು ಅಂಗುಲದಷ್ಟು ಉದ್ದವಿರುವುದು. ವರ್ಷ ಒಂದೂವರೆ ವರ್ಷದಲ್ಲಿ ಬಾಲವೂ ಸೇರಿ ಒಂದೂವರೆ ಅಡಿಯಿಂದ ಎರಡು ಅಡಿಯವರೆಗೆ ಬೆಳೆಯುವುದು. ಚೆನ್ನಾಗಿ ಸಾಕಿದರೆ ಎಂಟು ಹತ್ತು ವರ್ಷ, ಕೆಲವು ಸಲ ಅದಕ್ಕೂ ಹೆಚ್ಚು ಬದುಕುವುದು. ಈ ಕೊನೆಯ ಮಾತನ್ನು ಗೃಹಸ್ಥರು ಮನಸ್ಸಿನಲ್ಲಿಡಬೇಕು. ಐದನೆಯ ತರಗತಿಯ ಹುಡುಗನು ತಂದ ಮರಿಯು ಅವನು ಕಾಲೇಜು ಮುಗಿಸುವ ವೇಳೆಗೂ ಮನೆಯಲ್ಲಿಯೇ ಇರುವುದು. ಹುಡುಗನು ಓದಿಗಾಗಿ ಬೇರೆ ಊರಿಗೆ ಹೋದನಾದರೆ ಅದನ್ನು ನೋಡಿಕೊಳ್ಳತಕ್ಕವರು ತಾಯಿಯೋ ಅಜ್ಜಿಯೋ ಆಗುವರು.

ಸ್ವಭಾವದಲ್ಲಿ ಇದು ಸಾಧುಪ್ರಾಣಿ. ದೊಡ್ಡವರ ಮುಂದೆ ಮರಿಯು ಒಂದು ಮುಂಗೈಯನ್ನೆತ್ತಿ ಮೆಲ್ಲಗೆ ತಿರುಗಿಸುವುದುಂಟು. ಮಕ್ಕಳು ಇದನ್ನು ಕಂಡು ನಮಸ್ಕಾರ ಮಾಡುತ್ತಿದೆಯೆಂದು ಹಿಗ್ಗುವರು. ಅದು ನಿಜವಾಗಿ ‘ನಾನು ಚಿಕ್ಕವನು, ನಿನ್ನೊಡನೆ ಜಗಳಕ್ಕಿಲ್ಲ’ ಎಂದು ತನ್ನ ಜಾತಿಯವರಿಗೆ ಹೇಳುವ ಭಾಷೆ. ನೋಡಲು ಇಷ್ಟು ಸೌಮ್ಯವಾಗಿರುವುದರಿಂದ ಸಾಕುವುದೂ ಸುಲಭವೆಂದು ಜನರು ಭಾವಿಸುವರು. ಹಾಗಲ್ಲವೆಂಬುದಕ್ಕೆ ನಾನು ಬಲ್ಲ ಒಂದು ನಿದರ್ಶನವನ್ನು ಕೊಡುತ್ತೇನೆ.

ಚಾಮರಾಜಪೇಟೆಯಲ್ಲಿ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಜ್ಯೇಷ್ಠಮಾಸದಲ್ಲಿ ಇಂತಹ ಒಂದು ಮರಿಯನ್ನು ತಂದರು. ಮನೆಯ ಅಜ್ಜಿಯವರು ‘ಹುಳುಹುಪ್ಪಟೆಗಳನ್ನು ಈ ಹೊಸಿಲಿನೊಳಗೆ ತರಕೂಡದು’ ಎಂದರು. ಹಿರಿಯರ ಮಾತಿಗೆ ಕಟ್ಟುಬಿದ್ದು ಸೊಪ್ಪನ್ನೂ ನೆನೆಸಿದ ಅವಲಕ್ಕಿಯನ್ನೂ ಇಟ್ಟರು. ಪೆಟ್ಟಿಗೆಯನ್ನು ಪೂರ್ವದಿಕ್ಕಿನ ಗಾಜಿನ ಕಿಟಕಿಯ ಬಳಿ ಇರಿಸಿದರು. ಶ್ರಾವಣದ ವೇಳೆಗೆ ಮರಿಯ ಕಾಲುಬೆರಳುಗಳು ನಡುಗತೊಡಗಿದುವು. ಹೊಟ್ಟೆಯನ್ನು ನೆಲದಿಂದೆತ್ತಿ ನಡೆಯುವುದು ಅದಕ್ಕೆ ಆಗದಾಯಿತು. ಆ ಮನೆಯ ಹುಡುಗನು ನನ್ನ ಬಳಿಗೆ ಬಂದು, “ತಾತಾ, ಬೆಳಗ್ಗೆಯೆಲ್ಲ ಬಿಸಿಲಿನಲ್ಲಿಯೇ ಇಟ್ಟಿದ್ದೆನಲ್ಲಾ, ಆದರೂ ಯಾಕೆ ನಡುಗುತ್ತೆ?” ಎಂದು ಕೇಳಿದನು. ಕಣ್ಣಿನಲ್ಲಿ ನೀರಿತ್ತು. ಪಶುವೈದ್ಯರು ನೋಡಿ, ಮೂಳೆಗಳು ಮೆತ್ತಗಾಗಿವೆಯೆಂದರು. ಔಷಧವಾಯಿತು, ದೀಪವಾಯಿತು, ಆಹಾರವೂ ಬದಲಾಯಿತು. ಎರಡು ತಿಂಗಳಲ್ಲಿ ಜೀವವುಳಿಯಿತು. ಆದರೆ ಬಾಗಿದ ಹಿಂಗಾಲು ಬಾಗಿಯೇ ಉಳಿಯಿತು.

ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಎರಡು ವಸ್ತುಗಳಿಗೆ: ಬಿಸಿಲಿಗೆ ಮತ್ತು ತಕ್ಕ ಆಹಾರಕ್ಕೆ. ಇವೆರಡನ್ನೂ ವಿಸ್ತಾರವಾಗಿ ಹೇಳಬೇಕಾಗಿದೆ.

ಬಿಸಿಲು

ನಮ್ಮ ಮೈಯ ಬಿಸಿ ನಮ್ಮೊಳಗೇ ಹುಟ್ಟುವುದು. ಓತಿಗೆ ಹಾಗಿಲ್ಲ, ಹೊರಗಿನ ಬಿಸಿಯಿಂದಲೇ ಅದರ ಮೈ ಬಿಸಿಯಾಗಬೇಕು. ಮೈ ಬಿಸಿಯಾಗದಿದ್ದರೆ ತಿಂದದ್ದು ಅರಗುವುದಿಲ್ಲ. ಇದು ಮೊದಲನೆಯದು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ ‘ಬಿ’ ಎಂಬ ವರ್ಗದವು ಚರ್ಮದ ಮೇಲೆ ಬಿದ್ದಾಗ ಮೈಯಲ್ಲಿ ‘ಡಿ’ ಜೀವಸತ್ತ್ವವು ಉಂಟಾಗುವುದು. ಈ ಸತ್ತ್ವವಿಲ್ಲದಿದ್ದರೆ ತಿಂದ ಸುಣ್ಣದ ಅಂಶವು ಮೂಳೆಗೆ ಸೇರುವುದಿಲ್ಲ. ಕಿಟಕಿಯ ಗಾಜು ಬೆಳಕನ್ನು ಬಿಡುವುದು, ಸೆಕೆಯನ್ನೂ ಬಿಡುವುದು. ಈ ಕಿರಣಗಳನ್ನು ಮಾತ್ರ ಬಹುಮಟ್ಟಿಗೆ ತಡೆದುಬಿಡುವುದು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಯೇ ಉಂಟು. ಮರಿಯು ಬೆಳಕಿನಲ್ಲಿತ್ತು, ಬಿಸಿಲಿನಲ್ಲಿರಲಿಲ್ಲ.

ಹಾಗಾದರೆ ಬೆಳಗ್ಗೆ ಹೊರಗಿಟ್ಟರೆ ಸಾಲದೆ ಎಂದು ಕೇಳಬಹುದು. ಬಿಸಿಲಿರುವ ದಿನ ಜಾಲರಿಯ ಪಂಜರದಲ್ಲಿಟ್ಟು, ಅರ್ಧ ಭಾಗಕ್ಕೆ ನೆರಳು ಮಾಡಿ, ಕಾಗೆ ಬೆಕ್ಕುಗಳು ಬಾರದಂತೆ ಎದುರಿಗೇ ಕುಳಿತು ಕಾಯುವುದಾದರೆ ಸ್ವಲ್ಪ ಹೊತ್ತು ಹೊರಗಿಡುವುದು ಬಹಳ ಒಳ್ಳೆಯದು. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿನಲ್ಲಿ ಸರ್ವಥಾ ಇಡಕೂಡದು. ಅದು ಕೆಲವೇ ನಿಮಿಷಗಳಲ್ಲಿ ಒಲೆಯಂತಾಗಿ ಪ್ರಾಣಕ್ಕೇ ಕುತ್ತಾಗುವುದು. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು. ಆಷಾಢ ಶ್ರಾವಣಗಳಲ್ಲಿ ದಿನಗಟ್ಟಲೆ ಮೋಡ. ಪುಷ್ಯಮಾಸದಲ್ಲಿ ರಾತ್ರಿಯ ಶೀತ 15–16 ಡಿಗ್ರಿಗೆ ಇಳಿಯುವುದು. ನಮಗೆ ಹಿತವಾದ ಈ ಹವೆಯೇ ಮರುಭೂಮಿಯ ಮರಿಗೆ ಕಷ್ಟ. ಆದಕಾರಣ ಪೆಟ್ಟಿಗೆಯಲ್ಲಿ ಅದರ ಸೂರ್ಯನನ್ನು ನಾವೇ ಏರ್ಪಡಿಸಬೇಕು.

ಇದಕ್ಕೆ ಎರಡು ದೀಪಗಳು ಬೇಕು. ಒಂದು ಬಿಸಿಗೆ. ಪೆಟ್ಟಿಗೆಯ ಒಂದು ತುದಿಯಲ್ಲಿ ಚಪ್ಪಟೆಯಾದ ಕಲ್ಲನ್ನೋ ಮರದ ತುಂಡನ್ನೋ ಇಟ್ಟು, ಅದರ ಮೇಲೆ 40 ಡಿಗ್ರಿ ಸೆಲ್ಸಿಯಸಿನಷ್ಟು ಬಿಸಿಯಾಗುವಂತೆ ಮೇಲಿನಿಂದ ದೀಪವನ್ನು ಹಾಕಬೇಕು. ಇನ್ನೊಂದು ತುದಿಯು 25ರಿಂದ 28 ಡಿಗ್ರಿಯವರೆಗೆ ತಂಪಾಗಿರಬೇಕು. ಬಿಸಿ ಸಾಕೆನಿಸಿದಾಗ ಮರಿಯು ತಾನಾಗಿಯೇ ಇತ್ತ ಬರುವುದು. ಅದಕ್ಕೆ ಆಯ್ಕೆಯಿರಬೇಕು, ಎರಡೂ ಕಡೆ ಒಂದೇ ಬಿಸಿಯಾದರೆ ಅದು ಚಿತ್ರಹಿಂಸೆ. ಎರಡನೆಯ ದೀಪವು ನೇರಳಾತೀತ ‘ಬಿ’ ಕಿರಣಗಳನ್ನು ಕೊಡತಕ್ಕ ಉದ್ದನೆಯ ಕೊಳವೆದೀಪ. ಅದು ಪೆಟ್ಟಿಗೆಯ ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವ್ಯಾಪಿಸಿರಬೇಕು. ಅದಕ್ಕೂ ಮರಿಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಇರಕೂಡದು. ಎಷ್ಟು ದೂರವಿರಬೇಕೆಂಬುದನ್ನು ತಯಾರಕರು ಬರೆದಿರುವಂತೆ ಅನುಸರಿಸಬೇಕು. ದೀಪವು ಉರಿಯುತ್ತಿದ್ದರೂ ಅದರ ಕಿರಣಶಕ್ತಿ ಕಾಲಕ್ರಮದಲ್ಲಿ ಕುಂದುವುದು. ಆರು ತಿಂಗಳಿಂದ ಒಂದು ವರ್ಷದೊಳಗಾಗಿ ಬದಲಾಯಿಸತಕ್ಕದ್ದು. ಹಾಕಿದ ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಂಡರೆ ಮರೆಯುವುದಿಲ್ಲ.

ಹಗಲು ಹನ್ನೆರಡು ಗಂಟೆಯ ಹೊತ್ತು ಈ ದೀಪಗಳಿರಲಿ; ರಾತ್ರಿ ಎಲ್ಲವೂ ಆರಲಿ. ಪ್ರಾಣಿಗೂ ಕತ್ತಲೆ ಬೇಕು. ಕೋಣೆಯು 20 ಡಿಗ್ರಿಗಿಂತ ತಣ್ಣಗಾಗುವ ಚಳಿಯ ರಾತ್ರಿಗಳಲ್ಲಿ ಬೆಳಕಿಲ್ಲದೆ ಬಿಸಿ ಕೊಡುವ ಪಿಂಗಾಣಿಯ ಸಾಧನವನ್ನು ಉಪಯೋಗಿಸಬಹುದು. ಬಿಸಿಯಾಗುವ ಕಲ್ಲೆಂದು ಮಾರುವ ವಿದ್ಯುತ್ ಸಾಧನವು ಬೇಡ. ಅದರಿಂದ ಹೊಟ್ಟೆಯ ಚರ್ಮವು ಸುಟ್ಟುಹೋಗುವುದುಂಟು. ಉಷ್ಣಮಾಪಕವನ್ನು ಎರಡೂ ತುದಿಗಳಲ್ಲಿ ಇಡಿ. ಕೈಯಿಟ್ಟು ನೋಡಿ ಅಂದಾಜು ಮಾಡುವುದು ಸಲ್ಲದು.

ವಾಸಸ್ಥಾನ

ಮರಿಗೆ ಮೂರು ಅಡಿಯ ಪೆಟ್ಟಿಗೆ ಮೊದಲಿಗೆ ಸಾಕು. ಬೆಳೆದ ಮೇಲೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರಕ್ಕಿಂತ ಕಡಮೆಯಾಗಕೂಡದು. ಗಾಳಿಯಾಡುವ ಕಿಂಡಿಗಳಿರಬೇಕು. ಮರುಭೂಮಿಯದಲ್ಲವೇ ಎಂದು ಮರಳನ್ನು ತುಂಬುವ ಪದ್ಧತಿಯೊಂದುಂಟು. ಮರಿಯು ಹುಳುವಿನೊಡನೆ ಮರಳನ್ನೂ ನುಂಗಿ ಕರುಳು ಕಟ್ಟಿಕೊಳ್ಳಬಹುದು. ಕಾಗದವನ್ನು ಹಾಸಿ ದಿನವೂ ಬದಲಾಯಿಸುವುದು ಶುಚಿಯೂ ಹೌದು, ಕ್ಷೇಮವೂ ಹೌದು. ಅಡಗಿಕೊಳ್ಳಲು ಒಂದು ಗೂಡೂ, ಹತ್ತಲು ಒಂದು ಕೊಂಬೆಯೂ ಇರಲಿ.

ಒಂಟಿಯಾಗಿ ಬೇಸರಪಡುವುದೆಂದು ಎರಡು ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಡುವವರೂ ಇದ್ದಾರೆ. ಇದು ನಮ್ಮ ಮನಸ್ಸನ್ನು ಅದಕ್ಕೆ ಆರೋಪಿಸುವುದು. ಇವು ಒಂಟಿಯಾಗಿ ಬಾಳುವ ಪ್ರಾಣಿಗಳು. ಜೊತೆಗಿಟ್ಟರೆ ಬಲವಾದುದು ಬಿಸಿಯ ಜಾಗವನ್ನು ಆಕ್ರಮಿಸಿ, ಬಡಪಾಯಿಯ ಬೆರಳನ್ನೋ ಬಾಲದ ತುದಿಯನ್ನೋ ಕಚ್ಚಿಹಾಕುವುದು. ಹಲ್ಲಿಯ ಬಾಲದಂತೆ ಇದರ ಬಾಲವು ಮತ್ತೆ ಬೆಳೆಯುವುದಿಲ್ಲ.

ಆಹಾರ

ಇಲ್ಲಿಗೆ ನಮ್ಮ ಅನೇಕ ಮನೆಗಳಿಗೆ ಸಂಬಂಧಪಟ್ಟ ಕಠಿನವಾದ ವಿಷಯಕ್ಕೆ ಬಂದೆವು. ಗಡ್ಡದ ಓತಿಯು ದೊಡ್ಡದಾದ ಮೇಲೆ ಬಹುಪಾಲು ಸೊಪ್ಪುತರಕಾರಿಗಳನ್ನು ತಿನ್ನುವುದು. ಮರಿಯಾಗಿರುವಾಗ ಹಾಗಲ್ಲ. ಬೆಳೆಯುವ ಮೈಗೆ ಮುಕ್ಕಾಲು ಪಾಲು ಜೀವಂತ ಹುಳುಗಳೇ ಬೇಕು. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷಗಳಲ್ಲಿ ತಿಂದಷ್ಟನ್ನು ಕೊಟ್ಟು, ಉಳಿದ ಹುಳುಗಳನ್ನು ತೆಗೆದುಬಿಡಬೇಕು; ಇಲ್ಲದಿದ್ದರೆ ಅವು ಮಲಗಿದ ಮರಿಯನ್ನೇ ಕಡಿಯುವುವು. ಹುಳುವು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಕೂಡದೆಂಬುದು ಸಾಕುವವರೆಲ್ಲ ಒಪ್ಪಿದ ಅಳತೆ. ಪ್ರಾಣಿಗಳಿಗೆಂದೇ ಸಾಕಿ ಮಾರುವ ಕ್ರಿಕೆಟ್ ಹುಳುಗಳು ಸಾಮಾನ್ಯವಾದ ಆಹಾರ. ನಮ್ಮ ಸೀಮೆಯಲ್ಲಿ ಮತ್ತೊಂದು ಅನುಕೂಲವುಂಟು: ರೇಷ್ಮೆಯ ಹುಳು. ಅದು ಮೃದುವಾದುದು, ಸುಲಭವಾಗಿ ಅರಗುವುದು. ಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ ರಾಮನಗರದ ಸುತ್ತಿನಲ್ಲಿ ರೇಷ್ಮೆ ಸಾಕುವ ರೈತರು ಅನೇಕರಿದ್ದಾರೆ. ಹಿಪ್ಪುನೇರಳೆಯ ಸೊಪ್ಪಿಗೆ ವಿಷ ತಗುಲಿದರೆ ಆ ಹುಳು ತಾನೇ ಸಾಯುವುದರಿಂದ ಬೆಳೆಗಾರರು ವಿಷದ ವಿಷಯದಲ್ಲಿ ಬಹಳ ಎಚ್ಚರವಾಗಿರುವರು. ತೋಟದಲ್ಲಿ ಸಿಕ್ಕಿದ ಹುಳುಗಳನ್ನು ಹಿಡಿದು ಹಾಕುವುದು ಮಾತ್ರ ಬೇಡ. ಅವುಗಳಲ್ಲಿ ಔಷಧಿಯ ವಿಷವೂ ಕ್ರಿಮಿಗಳೂ ಇರಬಹುದು. ಮಿಂಚುಹುಳುವನ್ನಂತೂ ಹತ್ತಿರ ಸೇರಿಸಕೂಡದು. ಒಂದೇ ಒಂದು ಮಿಂಚುಹುಳುವನ್ನು ತಿಂದು ಈ ಓತಿಗಳು ಸತ್ತುದುಂಟು.

ಹುಳುಗಳಲ್ಲಿ ಸುಣ್ಣದ ಅಂಶ ಕಡಮೆ. ಆದಕಾರಣ ಕೊಡುವ ಮುಂಚೆ ಅವುಗಳ ಮೇಲೆ ಕ್ಯಾಲ್ಸಿಯಂ ಪುಡಿಯನ್ನು ಹಿಟ್ಟು ಸವರಿದಂತೆ ತೆಳ್ಳಗೆ ಉದುರಿಸತಕ್ಕದ್ದು. ಜೀವಸತ್ತ್ವಗಳ ಪುಡಿಯು ವಾರಕ್ಕೆ ಒಂದೆರಡು ಸಲ ಸಾಕು. ಅತಿಯಾದರೆ ಅದೂ ವಿಷವೇ. ಬೆಳಗ್ಗೆ ಸ್ವಲ್ಪ ಸೊಪ್ಪನ್ನು ಸಣ್ಣಗೆ ಹೆಚ್ಚಿ ಇಟ್ಟು ಮರಿಗೆ ರುಚಿ ಹತ್ತಿಸಬೇಕು. ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಮಾರುಕಟ್ಟೆಯಲ್ಲಿಯೂ ಸಿಕ್ಕುವ ನುಗ್ಗೆಸೊಪ್ಪು, ಮನೆಯಂಗಳದ ದಾಸವಾಳದ ಎಲೆ ಮತ್ತು ಹೂವು, ತುರಿದ ಸಿಹಿಗುಂಬಳ ಇವು ಒಳ್ಳೆಯವು. ಚೆನ್ನಾಗಿ ತೊಳೆದು ಕೊಡಿ. ಪಾಲಕ್ ಸೊಪ್ಪು ಸುಣ್ಣವನ್ನು ಕಟ್ಟಿಹಾಕುವುದರಿಂದ ಅದು ನಿತ್ಯದ ಆಹಾರಕ್ಕೆ ಸಲ್ಲದು. ಬೆಣ್ಣೆಹಣ್ಣು ಅಪಾಯಕರ. ಅನ್ನ, ಹಾಲು, ಮೊಸರು, ಬ್ರೆಡ್ಡು ಇವು ಅದರ ಆಹಾರವೇ ಅಲ್ಲ. ನೀರನ್ನು ತಟ್ಟೆಯಲ್ಲಿಟ್ಟರೂ ಮರಿಯು ಕುಡಿಯದೆ ಇರಬಹುದು. ಬೆಳಗ್ಗೆ ಮೂತಿಯ ಮೇಲೆ ಒಂದೆರಡು ಹನಿ ಬಿಟ್ಟರೆ ನೆಕ್ಕುವುದು.

ಅಹಿಂಸೆಯನ್ನು ವ್ರತವಾಗಿಟ್ಟುಕೊಂಡ ಮನೆಯವರು ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಹುಳುವನ್ನು ಕೊಲ್ಲಲಾರೆವೆಂಬ ಮನಸ್ಸು ಗೌರವಾರ್ಹವಾದುದು. ಅಂತಹ ಮನೆಯವರು ಈ ಪ್ರಾಣಿಯನ್ನು ತಾರದಿರುವುದೇ ಅವರ ಧರ್ಮ. ತಂದು, ನಮ್ಮ ಆಹಾರನಿಯಮವನ್ನು ಅದರ ಮೇಲೆ ಹೇರಿ, ಅವಲಕ್ಕಿಯಿಂದ ಸಾಕುವೆವೆಂಬುದು ಅಹಿಂಸೆಯಲ್ಲ. ಹುಳುವಿನ ಬದಲು ಮರಿಯನ್ನು ತಿಂಗಳುಗಟ್ಟಲೆ ಕೊಲ್ಲುವುದು. ಹುಲಿಗೆ ಹುಲ್ಲು ಧರ್ಮವಲ್ಲ. ಹುಳುವನ್ನು ತಿನ್ನುವುದು ಆ ಜೀವದ ಸ್ವಧರ್ಮ. ಅದಕ್ಕೆ ತಕ್ಕಂತೆ ನಡೆಯಲು ನಮಗೆ ಒಪ್ಪಿಗೆಯಿದ್ದರೆ ಮಾತ್ರ ಅದನ್ನು ಕರೆತರಬೇಕು. ಚಾಮರಾಜಪೇಟೆಯ ಆ ಅಜ್ಜಿಯವರು ವಿಷಯ ತಿಳಿದ ಮೇಲೆ, “ಮೊದಲೇ ಹೇಳಿದ್ದರೆ ತರುವುದೇ ಬೇಡ ಎನ್ನುತ್ತಿದ್ದೆ. ಬಂದ ಮೇಲೆ ಅದು ಹಸಿದಿರಬಾರದು” ಎಂದು ಹಿತ್ತಿಲ ಕೋಣೆಯನ್ನು ಬಿಟ್ಟುಕೊಟ್ಟರು. ಧರ್ಮಸೂಕ್ಷ್ಮವನ್ನು ಅವರು ನನಗಿಂತ ಚೆನ್ನಾಗಿ ಹೇಳಿದರೆಂದು ಭಾವಿಸುತ್ತೇನೆ.

ಮನೆಯವರ ಆರೋಗ್ಯ

ಓತಿಯು ಆರೋಗ್ಯವಾಗಿ ಕಂಡರೂ ಅದರ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಇದರಿಂದ ಮನುಷ್ಯರಿಗೆ ಜ್ವರವೂ ಭೇದಿಯೂ ಉಂಟಾಗುವುವು. ಅಮೆರಿಕಾ ದೇಶದಲ್ಲಿ 2012ರಿಂದ 2014ರವರೆಗೆ ಗಡ್ಡದ ಓತಿಗಳ ಸಂಪರ್ಕದಿಂದ ನೂರಕ್ಕೂ ಹೆಚ್ಚು ಜನರಿಗೆ ಈ ರೋಗ ತಗುಲಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ಮತ್ತು ಅದಕ್ಕೂ ಚಿಕ್ಕ ವಯಸ್ಸಿನ ಮಕ್ಕಳು. ಆದುದರಿಂದ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಅದರ ತಟ್ಟೆಗಳನ್ನು ಅಡಿಗೆಮನೆಯಲ್ಲಿ ತೊಳೆಯಕೂಡದು. ಮುತ್ತಿಡುವುದು, ಊಟದ ಹೊತ್ತಿನಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳುವುದು ಬೇಡ. ಕೂಸುಗಳಿರುವ ಮನೆಯಲ್ಲಿ ಈ ಸಾಹಸಕ್ಕೆ ಕೈಹಾಕದಿರುವುದೇ ಲೇಸು.

ನಾಯಿ ಬೆಕ್ಕುಗಳನ್ನು ನೋಡುವ ವೈದ್ಯರೆಲ್ಲರೂ ಓತಿಯನ್ನು ಬಲ್ಲವರಲ್ಲ. ಸರೀಸೃಪಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರು ಯಾರೆಂಬುದನ್ನು ಮರಿಯನ್ನು ತರುವುದಕ್ಕಿಂತ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ. ತಂದ ಕೂಡಲೆ ಮಲಪರೀಕ್ಷೆ ಮಾಡಿಸಿ. ದವಡೆ ಮೆತ್ತಗಾಗುವುದು, ಬೆರಳು ನಡುಗುವುದು, ಬಾಯಿ ತೆರೆದು ಉಸಿರಿಗೆ ಕಷ್ಟಪಡುವುದು, ಮರಿಯು ಎರಡು ದಿನ ತಿನ್ನದಿರುವುದು ಇವುಗಳಲ್ಲಿ ಯಾವುದನ್ನು ಕಂಡರೂ ತಡಮಾಡಬೇಡಿ.

ಎಲ್ಲಿಂದ ಬಂದಿತು?

ಆಸ್ಟ್ರೇಲಿಯಾ ಸರ್ಕಾರವು ತನ್ನ ದೇಶದ ಕಾಡುಪ್ರಾಣಿಗಳನ್ನು ವ್ಯಾಪಾರಕ್ಕಾಗಿ ಜೀವಂತವಾಗಿ ಹೊರಕ್ಕೆ ಕಳುಹಿಸುವುದನ್ನು ದಶಕಗಳಿಂದ ನಿಷೇಧಿಸಿದೆ. ಹೊರದೇಶಗಳಲ್ಲಿರುವ ಗಡ್ಡದ ಓತಿಗಳು ಬಹುಮಟ್ಟಿಗೆ ಬಂಧನದಲ್ಲಿಯೇ ಹುಟ್ಟಿದ ಸಂತತಿ. ಆದರೆ ನಮ್ಮ ಊರಿಗೆ ಪರದೇಶದ ಪ್ರಾಣಿಗಳು ಬರುವ ದಾರಿ ಯಾವಾಗಲೂ ನೇರವಾದುದಲ್ಲ. 2023ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ಪ್ರಾಣಿಗಳನ್ನು ಹಿಡಿದರು. ಹೆಬ್ಬಾವು, ಆಮೆ, ಇಗ್ವಾನಗಳ ಜೊತೆಗೆ ಕಾಂಗರೂ ಮರಿಯೊಂದು ಪೆಟ್ಟಿಗೆಯೊಳಗೇ ಉಸಿರುಕಟ್ಟಿ ಸತ್ತಿತ್ತು. ಕೊಳ್ಳುವವರಿರುವುದರಿಂದಲೇ ತರುವವರು ಇರುವರು. ಮಾರುವವನಿಂದ ಹುಟ್ಟಿದ ಸ್ಥಳದ ವಿವರವನ್ನೂ ರಸೀದಿಯನ್ನೂ ಕೇಳಿ ಪಡೆಯಿರಿ, ಕೊಡದಿದ್ದರೆ ಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣೆಯ ಶಾಸನವು 2022ರಲ್ಲಿ ತಿದ್ದುಪಡಿಯಾದ ಮೇಲೆ ಪರದೇಶದ ಕೆಲವು ಪ್ರಾಣಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕಾಗಿದೆ. ನೀವು ತರುವ ಪ್ರಾಣಿಯು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಸಾಕಲಾರದೆ ಹೋದರೆ ಲಾಲ್‌ಬಾಗಿನಲ್ಲಿಯೋ ಕೆರೆಯಂಗಳದಲ್ಲಿಯೋ ಬಿಟ್ಟು ಬರುವುದು ಪಾಪ. ಅದು ಅಲ್ಲಿ ಸಾಯುವುದು, ಇಲ್ಲವೆ ತನ್ನ ರೋಗವನ್ನು ಇಲ್ಲಿಯ ಓತಿಗಳಿಗೆ ಹರಡುವುದು. ಬಲ್ಲವರ ಕೈಗೆ ಒಪ್ಪಿಸತಕ್ಕದ್ದು.

ಇಷ್ಟನ್ನು ಓದಿದ ಮೇಲೆ ಇದು ನಮ್ಮಿಂದಾಗದೆಂದು ಕೆಲವರಿಗೆ ತೋರಬಹುದು. ಅಂಥವರ ಮಕ್ಕಳಿಗೆ ನಿರಾಶೆಯಾಗಬೇಕಾದ ಕಾರಣವಿಲ್ಲ. ಬೇಲಿಗೆ ಓತಿಕ್ಯಾತ ಸಾಕ್ಷಿ ಎಂದು ನಾವು ಗೇಲಿ ಮಾಡುವ ಆ ಬಡಪ್ರಾಣಿಯು ಗಡ್ಡದ ಓತಿಯ ದಾಯಾದಿಯೆಂದು ಆಗಲೇ ಹೇಳಿದೆನಷ್ಟೆ. ಬೇಸಗೆಯ ಬೆಳಗ್ಗೆ ತೋಟದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತರೆ ಗಂಡೋತಿಯ ಕತ್ತು ಕೆಂಪೇರುವುದನ್ನೂ ಅದು ದಂಡ ತೆಗೆಯುವಂತೆ ಮೈಯನ್ನೆತ್ತಿ ಇಳಿಸುವುದನ್ನೂ ನೋಡಬಹುದು. ಬಂಡೆಯ ಓತಿಗಳ ವಿಷಯದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರೇ ಬೆಂಗಳೂರಿನ ಒಳಹೊರಗೆ ಪರೀಕ್ಷೆಗಳನ್ನು ನಡೆಸಿ, ಊರಿನ ಅಂಚಿನಲ್ಲಿ ಬಾಳುವುವು ಅಪಾಯದಿಂದ ತಪ್ಪಿಸಿಕೊಳ್ಳುವ ಪಾಠವನ್ನು ಹಳ್ಳಿಯವುಗಳಿಗಿಂತ ಬೇಗ ಕಲಿಯುವುವೆಂದು 2019ರಲ್ಲಿ ಪ್ರಕಟಿಸಿದರು. ಹುಡುಗರು ಕಲ್ಲೆಸೆಯುವುದನ್ನು ಬಿಟ್ಟು ಪುಸ್ತಕದಲ್ಲಿ ದಿನಾಂಕ ಹಾಕಿ ಕಂಡದ್ದನ್ನು ಬರೆದಿಡಲಿ. ಇವುಗಳನ್ನು ಹಿಡಿದು ತರುವುದು ಮಾತ್ರ ಬೇಡ, ನೋಡುವುದೇ ಸಾಕು.

ಭಾಗವತದ ದಶಮಸ್ಕಂಧದಲ್ಲಿ ನೃಗರಾಜನ ಕಥೆಯುಂಟು. ಕೃಕಲಾಸರೂಪದಿಂದ ಪಾಳುಬಾವಿಯಲ್ಲಿ ಬಿದ್ದಿದ್ದ ಅವನನ್ನು ಮೊದಲು ಕಂಡವರು ಆಟಕ್ಕೆ ಹೋಗಿದ್ದ ಯಾದವರ ಹುಡುಗರು. ಅವರಿಗೆ ಕನಿಕರವುಂಟಾಯಿತು, ಹಗ್ಗಗಳನ್ನು ಬಿಗಿದು ಎಳೆದರು, ಆಗಲಿಲ್ಲ. ಕೊನೆಗೆ ಮನೆಗೆ ಹೋಗಿ ಶ್ರೀಕೃಷ್ಣನಿಗೆ ಹೇಳಿದರು, ಅವನು ಬಂದು ಎತ್ತಿದನು. ಮಕ್ಕಳ ಕನಿಕರವು ಯಾವಾಗಲೂ ಮುಂದೆ ಓಡುವುದು, ಅದು ಒಳ್ಳೆಯದೇ. ಆದರೆ ಅವರ ಕೈಗೆ ಸಾಲುವಷ್ಟು ಬಲವಿರುವುದಿಲ್ಲ. ದೀಪವನ್ನು ಬದಲಾಯಿಸುವ ದಿನ, ಪರೀಕ್ಷೆಯ ತಿಂಗಳಲ್ಲಿ ಹುಳು ತರುವ ದಿನ, ಕರೆಂಟು ಹೋದ ಮಳೆಗಾಲದ ಸಂಜೆ ಮನೆಯ ಹಿರಿಯರ ಕೈಯೇ ಮುಂದಾಗಬೇಕು. ಮುಂದಾಗಲು ಸಿದ್ಧರಿದ್ದರೆ ಮರಿಯನ್ನು ತನ್ನಿ. ಅದಕ್ಕೂ ಮುಂಚೆ ಎರಡು ದೀಪಗಳನ್ನೂ ಉಷ್ಣಮಾಪಕಗಳನ್ನೂ ತಂದು, ಖಾಲಿ ಪೆಟ್ಟಿಗೆಯನ್ನು ಒಂದು ವಾರ ನಡೆಸಿ ನೋಡಿ.